ಓಲೆಕಟ್ಟಿನ ಮೇಲೆ ಇಡದ ಕೈ

ಕೇತನಗಿರಿಯ ರಾಜಬೀದಿಯಲ್ಲಿ ಅಂದು ಮುಂಜಾನೆಯೇ ನೀರು ಚಿಮುಕಿಸಿ ರಂಗವಲ್ಲಿಯಿಟ್ಟಿದ್ದರು. ಹೂವಾಡಗಿತ್ತಿಯರು ಸುರಗಿಯ ಮಾಲೆಗಳನ್ನು ಕಂಬಗಳಿಗೆ ಸುತ್ತುತ್ತಿದ್ದರು, ಪಟ್ಟದಾನೆ ಹಣೆಗೆ ಸಿಂಧೂರ ಬಳಿಸಿಕೊಂಡು ಕಿವಿಯಾಡಿಸುತ್ತಿತ್ತು, ಕೊತ್ತಲಗಳಿಂದ ಕಹಳೆಗಳು ಮೊಳಗುತ್ತಿದ್ದವು. ದಳವಾಯಿ ಮಾದರಸನು ರಾಣಿ ಹೊನ್ನಾಜಮ್ಮನವರಿಗೆ ನಿಷ್ಠೆಯ ಪ್ರಮಾಣ ಮಾಡಿ ರಾಣಿವಾಸದ ಕಾವಲನ್ನು ವಹಿಸಿಕೊಳ್ಳುವ ದಿನವದು. ಊರಿಗೆ ಊರೇ ಹಿಗ್ಗುತ್ತಿರಲು, ಅರಮನೆಯ ಪುಸ್ತಕಭಂಡಾರದ ವಾಮದೇವಭಟ್ಟರು ಮಾತ್ರ ಬಾಗಿಲಿಕ್ಕಿಕೊಂಡು ಗಡಗಡ ನಡುಗುತ್ತಿದ್ದರು. ಪಾಪ, ಅವರು ಹುಟ್ಟಾ ಪುಕ್ಕಲು. ಗೋಡೆಯ ಹಲ್ಲಿಗೂ ದಾರಿ ಬಿಡುವವರು.

ಕಾವಲು ಹೊರುವವನು ಪಟ್ಟೆವಸ್ತ್ರದಲ್ಲಿ ಸುತ್ತಿದ ಭಗವದ್ಗೀತೆಯ ಓಲೆಕಟ್ಟಿನ ಮೇಲೆ ಬಲಗೈಯಿಟ್ಟು ಪ್ರಮಾಣ ಮಾಡಬೇಕೆಂಬುದು ಆ ರಾಜ್ಯದ ಕಟ್ಟಳೆ. ಕಟ್ಟನ್ನು ಸಭೆಯಲ್ಲಿ ಬಿಚ್ಚುವ ವಾಡಿಕೆಯಿರಲಿಲ್ಲ. ನಾಲ್ಕು ದಿನಗಳ ಹಿಂದೆ ಮಾದರಸನು ಭಂಡಾರಕ್ಕೆ ಬಂದು, "ಭಟ್ಟರೇ, ಆ ವಸ್ತ್ರದೊಳಗೆ ಏನೂ ಬರೆಯದ ಓಲೆಗಳನ್ನಿಟ್ಟು ತನ್ನಿ," ಎಂದಿದ್ದನು.

"ಶಾಂತಂ ಪಾಪಂ! ಏಕೆ ಪ್ರಭುಗಳೇ?"

"ಕಾವಲು ನನ್ನ ಕೈಗೆ ಬಂದ ದಿನವೇ ರಾಣಿಯ ಕಥೆ ಮುಗಿಯಬೇಕು. ಆದರೆ ಗೀತೆಯನ್ನು ಮುಟ್ಟಿ ನಾನು ಸುಳ್ಳಾಡಲಾರೆ. ಮೈಯೆಲ್ಲ ಗಾಯವಾಗಿ ರಣದಿಂದ ಬಂದ ನನ್ನ ತಂದೆ ಹತ್ತು ದಿನ ಅದನ್ನೇ ಕೇಳುತ್ತ, ನಗುನಗುತ್ತ ಪ್ರಾಣಬಿಟ್ಟರು. ಅದನ್ನು ಮುಟ್ಟಿ ತಪ್ಪಿದರೆ ಏಳೇಳು ಜನ್ಮಕ್ಕೂ ನನಗೆ ಗತಿಯಿಲ್ಲ." ಬಾಗಿಲಲ್ಲಿ ತಿರುಗಿ ನಿಂತು ಮತ್ತೆ ನುಡಿದನು: "ನಿಮ್ಮ ಮನೆಯವರು ನಮ್ಮಲ್ಲಿ ಅತಿಥಿಗಳಾಗಿದ್ದಾರೆ. ನೀವು ಬಾಯಿಬಿಟ್ಟರೆ ಅವರ ಮುಖ ಮತ್ತೆ ಕಾಣಲಾರಿರಿ."

ಅಂದಿನಿಂದ ಭಟ್ಟರ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಹೊರಗೆ ಕಾಲಿಟ್ಟರೆ ದಳವಾಯಿಯ ಇಬ್ಬರು ಭಟರು ಬೆನ್ನ ಹಿಂದೆಯೇ. ಪತ್ನಿ ತಿಮ್ಮಾಂಬೆ ಏನು ಉಂಡಳೋ, ಎಲ್ಲಿ ಮಲಗಿದಳೋ! ಇಂದು ಬೆಳಿಗ್ಗೆ ಭಟ್ಟರು ದಳವಾಯಿ ಹೇಳಿದಂತೆಯೇ ಬರಿಯ ಓಲೆಗಳನ್ನು ವಸ್ತ್ರದಲ್ಲಿ ಸುತ್ತಿದರು. ಗೀತೆಯ ಕಟ್ಟು ಮಣೆಯ ಮೇಲೆ ಬತ್ತಲೆಯಾಗಿ ಉಳಿಯಿತು. ಅದನ್ನು ನೋಡುತ್ತ ಭಟ್ಟರು ಬಿಕ್ಕಿ ಬಿಕ್ಕಿ ಅತ್ತರು. "ಮೂವತ್ತು ವರ್ಷ ಇದನ್ನೋದಿ ಊರವರಿಗೆಲ್ಲ ಧೈರ್ಯ ಹೇಳಿದೆನಲ್ಲಾ, ನನಗೊಬ್ಬನಿಗೇ ಅದು ನಾಟಲಿಲ್ಲವೇ!" ಎಂದುಕೊಂಡು, ಗಂಟು ಬಿಚ್ಚಿ, ಬರಿಯ ಓಲೆಗಳನ್ನು ತೆಗೆದು ಗೀತೆಯನ್ನು ಒಳಗಿಟ್ಟು ಕಟ್ಟಿದರು. ಧೈರ್ಯವೇನೂ ಬರಲಿಲ್ಲ, ಭಯ ಇದ್ದಂತೆಯೇ ಇತ್ತು.

ತುಂಬಿದ ಸಭೆಯಲ್ಲಿ ಭಟ್ಟರು ಕಟ್ಟನ್ನು ಹಿಡಿದು ಮುಂದೆ ನಿಂತರು. ಮಾದರಸನು ಮೀಸೆಯಂಚಿನಲ್ಲಿ ನಗುತ್ತ ಬಲಗೈ ಚಾಚಿದನು. ಅವನೊಬ್ಬನಿಗೇ ಕೇಳುವಂತೆ ಭಟ್ಟರು ಪಿಸುಗುಟ್ಟಿದರು: "ಪ್ರಭುಗಳೇ, ಒಳಗೆ ಗೀತೆಯೇ ಇದೆ."

ಕೈ ಗಾಳಿಯಲ್ಲೇ ನಿಂತಿತು.

"ದಳವಾಯಿಗಳೇ, ತಡವೇಕೆ?" ಎಂದರು ರಾಣಿ.

"ಮಹಾಮಾತೃಶ್ರೀಯವರು ಕ್ಷಮಿಸಬೇಕು, ದೇಹಾಲಸ್ಯ..."

ಭಟ್ಟರು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟರು: "ತಾಯೀ, ಇದರೊಳಗೆ ಬರಿಯ ಓಲೆಗಳನ್ನಿಡಬೇಕೆಂದು ಇವರ ಅಪ್ಪಣೆಯಾಗಿತ್ತು. ನಾನು ಗೀತೆಯನ್ನೇ ಇಟ್ಟು ತಂದಿದ್ದೇನೆ. ಕಾವಲು ಕೈಸೇರಿದೊಡನೆ ತಮ್ಮ ಪ್ರಾಣ ತೆಗೆಯುವ ಹಂಚಿಕೆ."

"ಸುಳ್ಳು! ಈ ಮುದುಕನಿಗೆ ತಲೆ ಕೆಟ್ಟಿದೆ!"

"ಸುಳ್ಳಾದರೆ ಆ ಮಾತನ್ನು ಕೈಯಿಟ್ಟು ಹೇಳಿ," ಎಂದರು ರಾಣಿ ಶಾಂತವಾಗಿ.

ರಣದಲ್ಲಿ ಆನೆಗೂ ಹಿಂಜರಿಯದವನು ಎರಡು ಹೆಜ್ಜೆ ಹಿಂದೆ ಸರಿದನು. ಸಭೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕಾವಲಿನವರು ಅವನ ಖಡ್ಗವನ್ನು ಕಿತ್ತುಕೊಂಡು ತೋಳುಗಳನ್ನು ಹಿಡಿದರು.

ಭಟ್ಟರು ಕಟ್ಟನ್ನು ಎದೆಗೊತ್ತಿಕೊಂಡು ಓಡೋಡಿ ಅವನೆದುರು ನಿಂತರು. "ಪ್ರಭುಗಳೇ, ನನ್ನ ತಿಮ್ಮಾಂಬೆ... ಸೌಖ್ಯವಾಗಿದ್ದಾಳೆಯೇ?"

"ಸೌಖ್ಯವಾಗಿದ್ದಾರೆ," ಎಂದನು ಮಾದರಸನು, ನೆಲ ನೋಡುತ್ತ.

"ಇದರ ಮೇಲೆ ಕೈಯಿಟ್ಟು ಹೇಳಿ."

ರಾಣಿಯ ಸನ್ನೆಗೆ ಕಾವಲಿನವರು ಅವನ ಬಲಗೈಯನ್ನು ಬಿಟ್ಟರು. ಭಟ್ಟರು ಕಟ್ಟನ್ನು ಎತ್ತಿ ಹಿಡಿದೇ ಇದ್ದರು. ಕೈ ಬರಲಿಲ್ಲ.

"ಯಾವತ್ತು?" ಎಂದು ಭಟ್ಟರು ಕೇಳಿದರು.

"ಕರೆತಂದ ದಿನವೇ."

ಭಟ್ಟರು ನಿಂತಲ್ಲೇ ಕುಸಿದರು. ಓಲೆಕಟ್ಟು ಮಾತ್ರ ನೆಲಕ್ಕೆ ತಾಗದಂತೆ ಅವರ ಮಡಿಲಲ್ಲಿತ್ತು. ರಾಣಿ ಹೊನ್ನಾಜಮ್ಮನವರು ಸಿಂಹಾಸನದಿಂದಿಳಿದು ಬಂದು, ಸಭೆ ನೋಡುತ್ತಿರುವಂತೆಯೇ, ಆ ಮುದುಕರ ಪಕ್ಕದಲ್ಲಿ ಬರಿನೆಲದ ಮೇಲೆ ಕುಳಿತರು.