ಹೆಸರು ಹೇಳಬೇಡ ಅಂದವಳು

“ರದ್ದಿಯವರು ಹಿಂದಿನ ಗೇಟಿನಿಂದ ಬರಬೇಕು,” ಎಂದು ಜಸೀನಾ ತಲೆ ಎತ್ತದೆ ಹಿಂದಿಯಲ್ಲಿ ಹೇಳಿದಳು.

ಬಾಗಿಲಲ್ಲಿ ನಿಂತವನು ತನ್ನ ಇಸ್ತ್ರಿ ಮಾಡಿದ ನೀಲಿ ಶರ್ಟನ್ನೊಮ್ಮೆ ನೋಡಿಕೊಂಡ. “ನಾನು ರದ್ದಿಯವನಲ್ಲ. ಹಳೇ ಪುಸ್ತಕ ಬೇಕು ಅಂತ ಮೆಸೇಜ್ ಮಾಡಿದ್ದೆನಲ್ಲ, ಟ್ರೆವರ್.”

ಅವಳ ಕಿವಿ ಬಿಸಿಯಾಯಿತು. “ಛೆ, ನನ್ನ ಅವಸ್ಥೆಯೇ,” ಎಂದು ಕನ್ನಡದಲ್ಲಿ ಗೊಣಗಿದಳು.

“ಬೇಜಾರೆಂತದು? ಊರಿನವರು ರದ್ದಿ ಅಂದ್ರೆ ನಂಗೆ ಖುಷಿಯೇ,” ಎಂದು ಅವನೂ ಕನ್ನಡದಲ್ಲೇ ನಕ್ಕ.

ಜಸೀನಾ ಉಳ್ಳಾಲದವಳು. ಅಬುಧಾಬಿಯ ಒಂದು ಇಂಡಿಯನ್ ಶಾಲೆಯಲ್ಲಿ ಲೈಬ್ರರಿಯನ್. ಅಣ್ಣ ಜಂಶೀರನ ಫ್ಲಾಟಿನಲ್ಲಿ, ಅಣ್ಣನ ಕಣ್ಣಳತೆಯಲ್ಲೇ ಇದ್ದಳು. ಟ್ರೆವರ್ ಮಂಗಳೂರಿನ ಕುಲಶೇಖರದವನು, ದುಬೈಯ ಜಾಹೀರಾತು ಕಂಪೆನಿಯೊಂದರಲ್ಲಿ ಬರೆಯುವ ಕೆಲಸ. ಅವನಿಗೊಂದು ಹುಚ್ಚಿತ್ತು: ನೂರು ವರ್ಷ ಹಿಂದಿನ ಅಮೆರಿಕದ ಕೌಬಾಯ್ ಕಾದಂಬರಿಗಳು. ಎಲ್ಲರಿಗೂ ಗೊತ್ತಿರುವವಲ್ಲ; ಬರೆದವರ ಹೆಸರೂ ಜನರಿಗೆ ಮರೆತುಹೋದಂಥವು. ದೇಶ ಬಿಟ್ಟು ಹೋದ ಇಂಗ್ಲಿಷ್ ಎಂಜಿನಿಯರೊಬ್ಬ ಶಾಲೆಗೆ ಕೊಟ್ಟಿದ್ದ ಅಂಥ ಪುಸ್ತಕಗಳ ಒಂದು ಪೆಟ್ಟಿಗೆ ಅಂದು ರದ್ದಿಗೆ ಹೋಗುವುದರಲ್ಲಿತ್ತು.

ಅವನು ಪೆಟ್ಟಿಗೆ ಎತ್ತುವಾಗ ಅವಳು ಮೇಲಿನ ಪುಸ್ತಕ ತೆಗೆದುಕೊಂಡಳು. “ಇದೊಂದು ನಾನು ಓದಿ ಕೊಡ್ತೇನೆ.”

“ಓದಿ ಮುಗಿಸುದು ಯಾವಾಗ?”

“ಅವಸರ ಉಂಟಾ ನಿಮಗೆ?”

“ಇಲ್ಲ,” ಎಂದ. ಆಮೇಲೆ ಅವಳ ಮುಖವನ್ನು ನೋಡಿದ ರೀತಿಯಲ್ಲಿ ಬೇಕಾದಷ್ಟು ಅವಸರವಿತ್ತು. ಅವಳು ಪುಸ್ತಕದ ಧೂಳು ಒರೆಸುವ ನೆವದಲ್ಲಿ ಕಣ್ಣು ತಗ್ಗಿಸಿದಳು.

ಶನಿವಾರಗಳಂದು ಅವನು ದುಬೈಯಿಂದ ಕಾರು ಓಡಿಸಿಕೊಂಡು ಬರತೊಡಗಿದ. ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಕೆಫೆಟೇರಿಯಾದಲ್ಲಿ ಕರಕ್ ಚಹಾ ಕುಡಿಯುತ್ತಾ ಇಬ್ಬರೂ ಒಂದೊಂದು ಪುಸ್ತಕ ಹಿಡಿದು ಕೂರುತ್ತಿದ್ದರು. ‘ನೀವು’ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

“ನಿನ್ನ ಹೀರೋಗಳೆಲ್ಲ ಕೊನೆಗೆ ಕುದುರೆ ಹತ್ತಿ ಹೋಗ್ತಾರೆ ಮಾರಾಯ. ಹೆಂಗಸರು ಬಾಗಿಲಲ್ಲಿ ನಿಂತು ನೋಡ್ತಾ ಇರ್ಬೇಕು.”

“ನಾನು ಬರುವವ, ಹೋಗುವವ ಅಲ್ಲ.”

ಒಂದು ಸಂಜೆ ಅಲ್ ಮೀನಾದಲ್ಲಿ, ಮೀನಿನ ಮಾರ್ಕೆಟಿನಾಚೆ ನಿಂತ ದೋಣಿಗಳ ಬಳಿ ಅವನು ಅವಳ ಕಿರುಬೆರಳು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. “ನನ್ನ ಹೆಸರು ಯಾರ ಹತ್ತಿರವೂ ಹೇಳ್ಬೇಡ. ಅಣ್ಣನಿಗೆ ಗೊತ್ತಾದ್ರೆ ಖಲಾಸ್, ಮರುದಿನವೇ ಊರಿಗೆ ಕಳಿಸ್ತಾನೆ.”

“ಹೇಳುದಿಲ್ಲ,” ಎಂದ ಟ್ರೆವರ್.

ರಂಜಾನ್ ಬಂತು. ಒಂದು ಮಧ್ಯಾಹ್ನ ಕಾರಿನಲ್ಲಿ ಕೂತಿದ್ದಾಗ ಅವನ ಮುಂದೆ ಮಾವಿನ ಜ್ಯೂಸಿತ್ತು. ಅವಳ ಉಪವಾಸ ನೆನೆದು ಮುಟ್ಟಿರಲಿಲ್ಲ. “ಕುಡಿ, ನಂಗೆಂತ ಆಗುದಿಲ್ಲ,” ಎಂದು ಅವಳೇ ಕುಡಿಸಿದಳು. ಅವಳ ಮಡಿಲಲ್ಲಿ ಹಾರ್ಲನ್ ವೀಟ್‌ಕ್ರಾಫ್ಟ್ ಎಂಬವನ ಕಾದಂಬರಿ. ದಿನಗಟ್ಟಲೆ ನೀರಿಲ್ಲದೆ ಅಲೆದ ದನಗಾಹಿ ಕೊನೆಗೊಂದು ಒರತೆ ಕಾಣುತ್ತಾನೆ. ಆದರೆ ಕುಡಿಯುವುದಿಲ್ಲ, ಕಣ್ಣು ಮುಚ್ಚಿ ನೀರಿನ ಸದ್ದು ಕೇಳುತ್ತಾ ಕೂರುತ್ತಾನೆ.

“ಟ್ರೆವರ್, ಇದನ್ನು ನಾನು ಓದಿದ್ದೇನೆ. ಜೂಡ್ ಟ್ಯಾಲೋ ಅಂತ ಇನ್ನೊಬ್ಬ ಇದ್ದಾನಲ್ಲ, ಅವನ ಪುಸ್ತಕದಲ್ಲಿ.”

“ಒಬ್ಬರದ್ದು ಇನ್ನೊಬ್ಬರು ಕದ್ದಿರ್ಬೇಕು.”

“ಇಲ್ಲ. ಮಗ್ರಿಬ್ ಹತ್ತಿರ ಬರುವಾಗ, ಉಪವಾಸ ಬಿಡುವ ಹೊತ್ತಿಗೆ, ನಂಗೂ ಹೀಗೇ ಆಗುದು. ಗ್ಲಾಸಿಗೆ ನೀರು ಬೀಳುವ ಶಬ್ದವೇ ಸಾಕು ಅನ್ನಿಸ್ತದೆ. ಬಾಯಾರಿಕೆ ಗೊತ್ತಿಲ್ಲದವನಿಗೆ ಇದು ಬರೀಲಿಕ್ಕೆ ಬರುದಿಲ್ಲ. ಇಬ್ಬರಲ್ಲ ಇವರು, ಒಬ್ಬನೇ.”

ಮುಂದಿನ ತಿಂಗಳುಗಳಲ್ಲಿ ಅವಳು ಇಂಟರ್ನೆಟ್ಟಿನಲ್ಲಿ ಸಿಕ್ಕ ಹಳೆಯ ಅಮೆರಿಕನ್ ಪತ್ರಿಕೆಗಳನ್ನೆಲ್ಲ ಜಾಲಾಡಿದಳು. ಅವಳ ಊಹೆ ನಿಜವಾಗಿತ್ತು. ಎರಡೂ ಹೆಸರುಗಳ ಹಿಂದೆ ಇದ್ದವನು ಬಾವಿ ತೋಡಿ ಬದುಕಿದ ಒಬ್ಬನೇ ಮನುಷ್ಯ. ಟ್ರೆವರ್ ಅದನ್ನೆಲ್ಲ ಚಂದದ ಇಂಗ್ಲಿಷಿನಲ್ಲಿ ಲೇಖನವಾಗಿಸಿದ. ಅಮೆರಿಕದ ಯೂನಿವರ್ಸಿಟಿಯೊಂದು ಅದನ್ನು ಅಚ್ಚು ಹಾಕಲು ಒಪ್ಪಿ, ಮಾತಾಡಲೂ ಕರೆಯಿತು. ಅವನು ಹೋದ, ಅಣ್ಣನಿಗೆ ಹೇಳಲು ಕಾರಣ ಹೊಳೆಯದೆ ಅವಳು ಉಳಿದಳು.

ಭಾಷಣದ ವಿಡಿಯೋವನ್ನು ಅವಳು ಮಕ್ಕಳೆಲ್ಲ ಹೋದ ಮೇಲೆ ಲೈಬ್ರರಿಯಲ್ಲಿ ಕೂತು ನೋಡಿದಳು. ಹೊಸ ಕೋಟಿನಲ್ಲಿ ಅವನು ಚಂದ ಕಾಣುತ್ತಿದ್ದ. “ಗಲ್ಫಿನ ಸುಡುಬಿಸಿಲಿನಲ್ಲಿ, ಗಂಟಲು ಒಣಗಿ ಕೂತಿದ್ದ ಒಂದು ಮಧ್ಯಾಹ್ನ ನನಗಿದು ಹೊಳೆಯಿತು,” ಎಂದ. ಜನ ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ, ಪುಸ್ತಕ ಹುಡುಕಿಕೊಟ್ಟ ಒಬ್ಬ ಸ್ನೇಹಿತೆಗೂ ಥ್ಯಾಂಕ್ಸ್ ಎಂದ.

ಒಬ್ಬ ಸ್ನೇಹಿತೆ. ಜಸೀನಾ ಆ ಜಾಗವನ್ನು ಇನ್ನೊಮ್ಮೆ ಹಾಕಿ ಕೇಳಿದಳು. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ವಾಪಸು ಬಂದ ಶನಿವಾರ ಅಲ್ ಮೀನಾದಲ್ಲಿ ಅವನು ಕಾರಿನ ಇಂಜಿನ್ ಆಫ್ ಮಾಡುವ ಮೊದಲೇ ಮಾತು ತೆಗೆದ. “ಜಸೀ, ನಂಗೆ ಇನ್ನು ಹೀಗೆ ಕದ್ದು ಸಿಗುದು ಬೇಡ. ಮದುವೆ ಆಗುವ. ನಿನ್ನ ಅಣ್ಣನ ಹತ್ತಿರ ನಾನೇ ಮಾತಾಡ್ತೇನೆ.”

ಎಷ್ಟೋ ದಿನದಿಂದ ಅವಳು ಕಾದಿದ್ದ ಮಾತು. ಕಣ್ಣು ತುಂಬಿತು. ಆದರೂ ಅವಳ ಬಾಯಿಂದ ಬಂದದ್ದು ಬೇರೆಯೇ.

“ಅವತ್ತು ಗಂಟಲು ಒಣಗಿದ್ದು ಯಾರದ್ದು ಟ್ರೆವರ್? ನೀನು ಜ್ಯೂಸ್ ಕುಡೀತಾ ಇದ್ದೆ.”

ಅವನು ಸ್ಟಿಯರಿಂಗ್ ಹಿಡಿದ. “ನೀನೇ ಅಲ್ವಾ ಹೆಸರು ಹೇಳ್ಬೇಡ ಅಂದದ್ದು?”

“ಪ್ರೀತಿಯ ವಿಷಯದಲ್ಲಿ ಅಂದದ್ದು. ಇದು ನನ್ನ ಕೆಲಸ. ಅದು ನಿಂಗೆ ಗೊತ್ತಿತ್ತು.”

ಅವನು ಗಾಜಿನಾಚೆ ನೋಡಿದ. ಎದುರಿನ ದೋಣಿಯಿಂದ ಯಾರೋ ಐಸ್ ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು.

“ಸಾರಿ. ಲೇಖನ ಅಚ್ಚಾಗುವಾಗ ನಿನ್ನ ಹೆಸರು ಹಾಕಿಸ್ತೇನೆ.”

“ಯೂನಿವರ್ಸಿಟಿಯವರಿಗೆ ಈಗಲೇ ಒಂದು ಮೇಲ್ ಬರಿ. ಎರಡು ಸಾಲು ಸಾಕು. ನಾನಿಲ್ಲೇ ಇದ್ದೇನೆ.”

ಅವನು ಫೋನ್ ತೆಗೆದ. ಅವಳು ಅವನ ಹೆಬ್ಬೆರಳನ್ನೇ ನೋಡಿದಳು. ಅದು ತೆರೆಯ ಮೇಲೆ ನಿಂತಿತು, ಕದಲಲಿಲ್ಲ.

“ಅಲ್ಲಿ ಒಂದು ಫೆಲೋಶಿಪ್ ಮಾತು ನಡೀತಾ ಉಂಟು ಜಸೀ. ಅದೊಂದು ಆಗ್ಲಿ, ಮತ್ತೆ ಖಂಡಿತ ಬರೀತೇನೆ. ಮದುವೆಯಾದ ಮೇಲೆ ನಂದು ನಿಂದು ಅಂತ ಉಂಟಾ?”

ಅವಳು ಅವನ ಕೆನ್ನೆಯನ್ನು ಒಮ್ಮೆ ಮುಟ್ಟಿದಳು. ಎರಡು ವರ್ಷದಲ್ಲಿ ಅವಳಾಗಿ ಮುಟ್ಟಿದ್ದು ಅದೇ ಮೊದಲು. ಮತ್ತೆ ಬಾಗಿಲು ತೆರೆದು ಇಳಿದಳು. ಅವನು ಕರೆದ, ಅವಳು ಟ್ಯಾಕ್ಸಿಗೆ ಕೈ ತೋರಿಸಿದಳು.

ಆ ಮೇಲನ್ನು ಅವಳೇ ಬರೆದಳು, ಹುಡುಕಿದ ಪುಟಗಳನ್ನೆಲ್ಲ ಜೊತೆಗಿಟ್ಟು. ಅವನ ಬಗ್ಗೆ ಕೆಟ್ಟದಾಗಿ ಒಂದಕ್ಷರವೂ ಬರೆಯಲಿಲ್ಲ. ವಾರಗಳ ನಂತರ ಲೇಖನ ವೆಬ್‌ಸೈಟಿನಲ್ಲಿ ಬಂದಾಗ ಅಣ್ಣ ಜಂಶೀರನೇ ಊಟದ ಹೊತ್ತಿನಲ್ಲಿ ಅದನ್ನು ಅವಳ ಫೋನಿನಲ್ಲಿ ನೋಡಿ, “ನಮ್ಮ ಬಾಪನ ಹೆಸರೂ ಉಂಟಲ್ಲ ಮಾರಾಯ್ತಿ,” ಎಂದು ಹೆಮ್ಮೆಯಿಂದ ಓದಿದ: “ಜಸೀನಾ ಅಲಿಯಬ್ಬ ಮತ್ತು ಟ್ರೆವರ್ ಲೋಬೊ. ಈ ಟ್ರೆವರ್ ಯಾರು?”

“ಒಟ್ಟಿಗೆ ಕೆಲಸ ಮಾಡಿದವರು,” ಎಂದು ಅವಳು ಅಣ್ಣನ ತಟ್ಟೆಗೆ ಸಾರು ಬಡಿಸಿದಳು.

ಅವರಿಬ್ಬರ ಹೆಸರು ಜೊತೆಯಾಗಿ ಇದ್ದದ್ದು ಈ ಲೋಕದಲ್ಲಿ ಅದೊಂದೇ ಕಡೆ.