ನೀನೇ ಆರಿಸಿಕೊಡು

"ಮುಖದಲ್ಲಿರೋದು ಕಣ್ಣೇನೋ, ಗೋಲಿಯೇನೋ?"

ಅಜ್ಜಿ ನೂಲಿನ ಕಟ್ಟನ್ನು ಮೊಮ್ಮಗನ ಪಾದದ ಮುಂದೆ ಎಸೆದಳು. ಒದ್ದೆ ಲಡಿಗಳು ನೆಲದ ಮೇಲೆ ಬಿಚ್ಚಿಕೊಂಡವು. ಕೆಂಪಿನ ನಡುವೆ, ಗಾಯದೊಳಗೆ ಬೆಳೆದ ಪಾಚಿಯಂತೆ, ಹಸಿರು ಲಡಿಗಳು! ಸೊಸೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಗಂಡ ತೀರಿಕೊಂಡ ಮೇಲೆ ನೂಲಿಗೆ ಬಣ್ಣ ಹಾಕುವ ಈ ಮನೆಯೇ ಆ ಸಂಸಾರದ ಅನ್ನ. ಇಪ್ಪತ್ತರ ಈ ಮಗನೇ ಅದರ ನಾಳೆ.

"ನೋಡ್ಕೊಂಡೇ ಕಟ್ಟಿದ್ದು ಅಜ್ಜಿ... ಎಲ್ಲಾ ಒಂದೇ ಥರ ಇತ್ತು!"

"ಹಾವೂ ಹಗ್ಗವೂ ಒಂದೇ ಥರ! ಇನ್ನು ಬಣ್ಣದ ಹಂಡೆ ಹತ್ತಿರ ಬಂದ್ರೆ ಕಾಲು ಮುರೀತೀನಿ."

ಮರುದಿನ ಮೂವರೂ ಕಣ್ಣಿನ ಡಾಕ್ಟರಮ್ಮನ ಎದುರು ಕುಳಿತರು. ಚುಕ್ಕಿಗಳ ಹಾಳೆಯಲ್ಲಿ ಅಜ್ಜಿಗೆ ದೂರದಿಂದಲೇ ಕಂಡ ಅಂಕಿ ಮೊಮ್ಮಗನಿಗೆ ಕಾಣಲೇ ಇಲ್ಲ.

"ಇವರಿಗೆ ಹುಟ್ಟಿನಿಂದ ಕೆಂಪು, ಹಸಿರು ಬೇರೆಯಾಗಿ ಕಾಣಲ್ಲ. ಇದು ಬರೋದು ಎಕ್ಸ್ ಅನ್ನೋ ವರ್ಣತಂತುವಿನಲ್ಲಿ. ಗಂಡುಮಕ್ಕಳಿಗೆ ಅದು ಒಂದೇ, ತಾಯಿ ಕೊಟ್ಟದ್ದು."

"ಅಂದ್ರೆ ಇವಳಿಂದ!" ಅಜ್ಜಿ ಥಟ್ಟನೆ ತಿರುಗಿದಳು. "ನನ್ನ ಮಗನ ಕಡೆಯದಲ್ಲ!"

ಸೊಸೆ ಡಾಕ್ಟರಮ್ಮನತ್ತ ಬಾಗಿದಳು. "ನನಗೆ ಎಲ್ಲಾ ಬಣ್ಣ ಕಾಣುತ್ತಲ್ಲ, ಡಾಕ್ಟ್ರೇ?"

"ನಿಮಗೆ ಅಂಥವು ಎರಡು. ಒಂದರಲ್ಲಿ ಕೊರತೆ ಇದ್ರೂ ಇನ್ನೊಂದು ಕಾಯುತ್ತೆ. ಅಂಡ ಆಗುವಾಗ ಆ ಜೋಡಿ ಅಕ್ಕಪಕ್ಕ ಸೇರಿ, ತುಂಡು ಬದಲಾಯಿಸಿಕೊಂಡು, ಬೇರೆಯಾಗುತ್ತೆ. ಒಂದು ಅಂಡಕ್ಕೆ ಒಂದೇ. ಯಾವುದು ಅಂತ ಯಾರೂ ಆರಿಸಲ್ಲ. ಆ ಕೆಲಸ ಶುರುವಾಗಿದ್ದೇ ನೀವು ನಿಮ್ಮಮ್ಮನ ಹೊಟ್ಟೇಲಿದ್ದಾಗ! ಇದರಲ್ಲಿ ಯಾರನ್ನ ಬೈಯೋದು? ಅಂದ ಹಾಗೆ... ನಿಮ್ಮ ಎರಡರಲ್ಲಿ ಒಂದು ನಿಮ್ಮ ತಂದೆ ಕೊಟ್ಟದ್ದು. ಅವರಿಗೂ ಹೀಗೇ ಇತ್ತೇ?"

ಸೊಸೆಗೆ ತವರಿನ ದಿನಗಳು ನೆನಪಾದವು. ದರ್ಜಿಯಾಗಿದ್ದ ಅಪ್ಪ ದಾರದ ಡಬ್ಬಿಯನ್ನು ಅವಳ ಮುಂದಿಟ್ಟು, "ನಿನ್ನ ಕೈಗುಣ ಒಳ್ಳೇದು ಕಣೇ, ನೀನೇ ಆರಿಸಿಕೊಡು" ಎನ್ನುತ್ತಿದ್ದ. ಆ ಮಾತನ್ನು ಅವಳು ಇಷ್ಟು ವರ್ಷ ಒಡವೆಯಂತೆ ಕಾಪಾಡಿಕೊಂಡಿದ್ದಳು. ಅದು ಮುದ್ದಲ್ಲವೇ ಹಾಗಾದರೆ? ಮುದ್ದೂ ಇತ್ತು... ಯಾರಿಗೂ ಹೇಳಲಾಗದ ಭಯವೂ ಇತ್ತು.

ಮನೆಗೆ ಬಂದವಳೇ ಒಂದೆಡೆ ನಿಲ್ಲಲಾರದೆ ಗೂಟದ ಮೇಲಿನ ಬಟ್ಟೆ ತೆಗೆದು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಅತ್ತೆ, ನಮ್ಮಪ್ಪನಿಗೂ ಬಣ್ಣ ಕಾಣ್ತಿರಲಿಲ್ಲ. ಇವನನ್ನ ಕರ್ಕೊಂಡು ನಾನು ಹೋಗ್ತೀನಿ. ಮಗಳು ಗುಬ್ಬಿ ನಿಮ್ಮ ಹತ್ರ ಇರಲಿ. ಅವಳಿಗೆ ಬಣ್ಣ ಕಾಣುತ್ತೆ."

"ಹೋಗ್ತಾಳಂತೆ, ಮಹಾರಾಣಿ! ಇವನು ಹೋದ್ರೆ ಹಂಡೆಯ ಕಾವನ್ನ ಯಾರು ಹೇಳ್ತಾರೆ? ವಾಸನೇಲೇ ಬಣ್ಣದ ಹದ ಹಿಡಿಯೋನು ಇವನೊಬ್ಬನೇ..." ಅಜ್ಜಿ ಮಾತು ತಿರುಗಿಸಿದಳು. "ನಿಮ್ಮಪ್ಪನಿಗೆ ಕಾಣ್ತಿರಲಿಲ್ಲ ಅಂದ್ರೆ ನಂಬಲ್ಲ. ಮದುವೆಗೆ ನನ್ನ ಮಗನ ಕೋಟು ಹೊಲಿದದ್ದು ಅವರೇ ತಾನೇ? ಒಂದು ದಾರ ತಪ್ಪಿರಲಿಲ್ಲ!"

"ಆ ದಾರ ಆರಿಸಿದ್ದು ನಾನು, ಅತ್ತೆ."

ಮುದುಕಿ ಸೊಸೆಯ ಬೆರಳುಗಳನ್ನೇ ನೋಡಿದಳು. ಗೋಡೆಯಾಚೆ ಹಂಡೆ ಕುದಿಯುತ್ತಲೇ ಇತ್ತು. ಅಜ್ಜಿ ಆ ಕೋಣೆಗೆ ಹೋಗಿ ಮೊಮ್ಮಗಳನ್ನು ಕೂಗಿದಳು. ಪರರ ಮನೆ ಸೇರುವವಳೆಂದು ಈವರೆಗೆ ಹಂಡೆಯ ಕೋಣೆಯ ಹೊಸ್ತಿಲನ್ನೂ ತಾನು ದಾಟಗೊಡದಿದ್ದ ಹುಡುಗಿಯನ್ನು.

"ಗುಬ್ಬಿ, ಬಾರೇ ಇಲ್ಲಿ. ಅಣ್ಣನ ಪಕ್ಕ ನಿಂತ್ಕೋ."

ಮಗ ಕೋಲಿನಿಂದ ಹಂಡೆ ಕಲಕಿದ. ಹಬೆಯೊಳಗಿಂದ ತಂಗಿಯತ್ತ ತಿರುಗಿ, ನಾಚಿಕೆಯಿಂದ ನಕ್ಕ.

"ಕೆಂಪು ಯಾವುದು, ಗುಬ್ಬಿ? ನೀನೇ ಆರಿಸಿಕೊಡು."

ಬಾಗಿಲಲ್ಲಿ ನಿಂತಿದ್ದ ತಾಯಿ ಬೆಚ್ಚಿದಳು. ಆ ಮಾತನ್ನು ಅವನಿಗೆ ಅವಳೆಂದೂ ಹೇಳಿರಲಿಲ್ಲ! ಗುಬ್ಬಿ ತಡವರಿಸದೆ ಕೆಂಪು ಲಡಿಯನ್ನು ಎತ್ತಿ ಅಣ್ಣನ ಕೈಗಿತ್ತಳು. ತನ್ನ ಎರಡು ಎಕ್ಸ್‌ಗಳಲ್ಲಿ ಗುಬ್ಬಿಯೊಳಗೆ ಬಂದಿರುವುದು ಯಾವುದೋ... ತಾಯಿಗೆ ತಿಳಿಯದು. ಒಳಗೆ ಹೋಗಿ, ಮಡಿಸಿದ ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಗೂಟಕ್ಕೆ ತೂಗುಹಾಕತೊಡಗಿದಳು.