ಚಕ್ರಗಳಿಲ್ಲದ ಕೆಂಪು ಕಾರು

ಕೆಂಪು ಕಾರು ನಿಂತಲ್ಲೇ ನಿಂತಿತ್ತು. ಆದರೆ ಚಕ್ರಗಳು? ನಾಲ್ಕರಲ್ಲಿ ಒಂದೂ ಇರಲಿಲ್ಲ!

ಕಾಫಿ ಲೋಟ ಹಿಡಿದುಕೊಂಡೇ ರೌಹಾ ತನ್ನ ಕಾರಿನ ಸುತ್ತ ಒಂದು ಸುತ್ತು ಬಂದಳು. ಅಚ್ಚುಗಳ ಕೆಳಗೆ ಮರದ ದಿಮ್ಮಿಗಳನ್ನು ಒಪ್ಪವಾಗಿ ಜೋಡಿಸಲಾಗಿತ್ತು. ರಾತ್ರಿಯಿಡೀ ಸುರಿದ ಹಿಮ ಹೆಜ್ಜೆ ಗುರುತುಗಳನ್ನೆಲ್ಲ ನುಂಗಿ ಹಾಕಿತ್ತು. ಒಳಗಿನಿಂದಲೂ ಏನಾದರೂ ಹೋಗಿದೆಯೇ? ಮುಂಗಾಜಿನ ಮೇಲಿನ ಹಿಮವನ್ನು ತೋಳಿನಿಂದ ಸವರಿ ಇಣುಕಿದಳು. ಚಾಲಕರ ಎದುರಿನ ಅರ್ಧ ತಿಳಿಯಾಗಿತ್ತು. ಇನ್ನರ್ಧ ಬೆಳ್ಳಗೆ ಕಟ್ಟಿಕೊಂಡಿತ್ತು. ಉಗುರಿನಿಂದ ಕೆರೆದಳು — ಬಿಳುಪು ಅಲುಗಲಿಲ್ಲ. ಒಳಗೆ ಮಾತ್ರ ಎಲ್ಲ ಇದ್ದಲ್ಲೇ ಇತ್ತು.

ಅಂದು ಭಾನುವಾರ. ಹೆಪ್ಪುಗಟ್ಟಿದ ಕೊರ್ಪಿ ಸರೋವರದ ಮೇಲೆ ಕಾರ್ ಕ್ಲಬ್ಬಿನವರ ವಾರಾಂತ್ಯದ ಕೊನೆಯ ದಿನ. ದಡದ ಕ್ಲಬ್ ಮನೆಯಲ್ಲೇ ಎಲ್ಲರೂ ರಾತ್ರಿ ಉಳಿದಿದ್ದರು. ಮಧ್ಯಾಹ್ನ ಪಂದ್ಯ. ಮೊಳೆ ಬಡಿದ ಟೈರುಗಳಿಲ್ಲದೆ ಆ ಮಂಜಿನ ಹಾದಿಗಿಳಿಯುವುದೂ ಒಂದೇ, ಎಣ್ಣೆ ಸುರಿದ ಕಲ್ಲಿನ ಮೇಲೆ ಕುಣಿಯುವುದೂ ಒಂದೇ.

"ಪೊಲೀಸರಿಗೆ ಫೋನ್ ಮಾಡೋಣ," ಎಂದ ಕ್ಲಬ್ಬಿನ ಅಧ್ಯಕ್ಷ ತೌನೊ, ಏದುಸಿರು ಬಿಡುತ್ತಾ ಬಂದವನು.

"ಪಟ್ಟಣದಿಂದ ಅವರು ಬರೋಷ್ಟರಲ್ಲಿ ಪಂದ್ಯ ಮುಗಿದಿರುತ್ತೆ," ಎಂದಳು ರೌಹಾ. "ಹರೆಯದಿಂದ ಕಳ್ಳರನ್ನ ಹಿಡಿದ ಕೈ ಇದು. ನಿವೃತ್ತಿ ಕೊಟ್ಟಿದ್ದು ಪೊಲೀಸ್ ಇಲಾಖೆ, ನಾನಲ್ಲ. ನಿನ್ನಿಂದಲೇ ಶುರು ಮಾಡ್ತೀನಿ. ರಾತ್ರಿ ಎಲ್ಲಿದ್ದೆ?"

ರೌಹಾ ಎಂದರೆ ಅವರ ಫಿನ್ನಿಶ್ ಮಾತಿನಲ್ಲಿ ಶಾಂತಿ. ಹೆಸರಿಟ್ಟವರು ಎಲ್ಲೋ ಎಡವಿದ್ದರು.

"ನನ್ನನ್ನೇ ಕೇಳ್ತೀಯಾ?"

"ನಿನ್ನೆ ಊಟದ ಹೊತ್ತಲ್ಲಿ, ಎಪ್ಪತ್ತು ದಾಟಿದವರು ಮಂಜಿನ ಮೇಲೆ ಇಳೀಬಾರದು ಅಂದೋನು ಯಾರು? ಈ ಕ್ಲಬ್ಬಲ್ಲಿ ಎಪ್ಪತ್ತು ದಾಟಿ ಓಡಿಸೋಳು ನಾನೊಬ್ಬಳೇ ಅಲ್ವಾ?"

"ಎಲ್ಲರೆದುರೇ ಹೇಳಿದೀನಿ, ಕದ್ದುಮುಚ್ಚಿ ಅಲ್ಲ. ಹೋದ ವರ್ಷ ಆ ದೊಡ್ಡ ತಿರುವಲ್ಲಿ ಕಾರು ಪಲ್ಟಿ ಹೊಡೆಸಿದೆ. ಆಚೆ ಬಂದು ನಗ್ತಾ ಬೇರೆ ನಿಂತಿದ್ದೆ! ಮುಂದಿನ ವರ್ಷ ನಿಯಮಾನೇ ತರ್ತೀನಿ. ನಿಯಮ ತರೋನಿಗೆ ಚಕ್ರ ಕದಿಯೋ ಕರ್ಮ ಯಾಕೆ?"

"ರಾತ್ರಿ ಹೊರಗೆ ಹೋಗೇ ಇಲ್ಲ ಅಂತೀಯಾ?"

"ಇಲ್ಲ!"

"ಮತ್ತೆ ಬೆಳಗ್ಗೆ ನಾನೇಳುವಾಗ ನಿನ್ನ ಬೂಟಿನಿಂದ ನೀರು ಹರೀತಿತ್ತಲ್ಲ?"

ತೌನೊ ಸುತ್ತಲೂ ನೋಡಿ ದನಿ ಇಳಿಸಿದ. "ಮೆಲ್ಲಗೆ ಮಾತಾಡು ಮಾರಾಯ್ತಿ! ಸಿಗರೇಟು. ಬಿಟ್ಟುಬಿಟ್ಟೆ ಅಂತ ಹೆಂಡತಿ ಮುಂದೆ ಆಣೆ ಮಾಡಿದೀನಿ."

ಅವನ ಕೋಟನ್ನು ಮೂಸಿ ನೋಡಿದಳು. ಸುಳ್ಳಾಗಿರಲಿಲ್ಲ.

ಕ್ಲಬ್ ಮನೆಯ ಅಡುಗೆಕೋಣೆಯಲ್ಲಿ ಸೈಲಾ ಕಪ್ಪು ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು. ಹೋದ ವರ್ಷದ ಪಲ್ಟಿಗೆ ಮುಂಚೆ ಎರಡು ಚಳಿಗಾಲ ರೌಹಾಳ ಹಿಂದೆಯೇ ಗೆರೆ ದಾಟಿ ಸೋತ ಯುವತಿ.

"ಅಜ್ಜಿ, ನಂಗೊತ್ತು, ಈಗ ನನ್ನ ಸರದಿ," ಎಂದಳು. "ನಿಮ್ಮ ಚಕ್ರ ಹೋದ್ರೆ ಲಾಭ ಯಾರಿಗೆ? ನಂಗೆ. ಅದೇ ತಾನೆ?"

"ಲಾಭ ಅಲ್ವಾ?"

"ಥೂ! ನಿಂತ ಕಾರನ್ನ ಗೆದ್ದೆ ಅಂತ ಊರಲ್ಲಿ ಹೇಳ್ಕೊಳ್ಲಾ? ನನ್ನ ಹತ್ರ ಇನ್ನೂ ನಾಲ್ಕು ಮೊಳೆ ಚಕ್ರ ಇದೆ. ತಗೊಳ್ಳಿ, ಹಾಕ್ಕೊಳ್ಳಿ. ಆಮೇಲೆ ಸೋತು ತೋರಿಸಿ."

"ನಿನ್ನ ಚಕ್ರ ಹಾಕ್ಕೊಂಡು ನಿನ್ನನ್ನೇ ಸೋಲಿಸಿದ್ರೆ ಅಳಬಾರದು ಮತ್ತೆ!"

"ಮೊದಲು ಸೋಲ್ಸಿ ಅಜ್ಜಿ!"

ರೌಹಾಗೆ ನಗು ಬಂತು. ಆದರೆ ಪರರ ಚಕ್ರ ಅವಳಿಗೆ ಬೇಡವಾಗಿತ್ತು. ತನ್ನದನ್ನು ತೆಗೆದವರ ಮುಖ ನೋಡಬೇಕಾಗಿತ್ತು.

ಒಲೆಯ ಪಕ್ಕ ಗಂಡ ಓಯಿವಾ ತಲೆ ತಗ್ಗಿಸಿ ಗಂಜಿ ಕಲಕುತ್ತಿದ್ದ. ಕೆಂಪು ಕಾರಿನ ಒಂದೊಂದು ತಿರುಪನ್ನೂ ಬಿಗಿದ ಮನುಷ್ಯ. ಅಭ್ಯಾಸದ ಓಟದಲ್ಲಿ ಅವಳ ಪಕ್ಕದಲ್ಲಿ ಕೂತು ಹಾದಿ ಹೇಳುವವನೂ ಅವನೇ.

"ಗಂಡಸರ ಕೋಣೆಯಿಂದ ರಾತ್ರಿ ಯಾರಾದ್ರೂ ಎದ್ದು ಹೋದ್ರಾ?" ಎಂದು ಕೇಳಿದಳು.

"ನಾನು ಮಲಗಿದ್ದೆ." ಅವನು ತಲೆ ಎತ್ತಲಿಲ್ಲ. "ಹೋಗ್ಲಿ ಬಿಡು ರೌಹಾ. ಈ ವರ್ಷ ಬೇಡ ಅಂತ ಇರಬಹುದು."

"ಯಾರಿಗೆ ಬೇಡ?"

ಓಯಿವಾ ಒಲೆಗೆ ಇನ್ನೊಂದು ಸೌದೆ ತುರುಕಿದ.

ರೌಹಾ ಮತ್ತೆ ಹೊರಗೆ ಹೋದಳು. ಕಾರಿನ ಬಾಗಿಲು ತೆರೆದಳು. ಚಾಲಕರ ಸೀಟಿನಲ್ಲಿ ಕೂತು, ಬೆಳ್ಳಗಿದ್ದ ಆ ಅರ್ಧ ಗಾಜಿನತ್ತ ಕೈ ಚಾಚಿದಳು. ಹಿಂದಿರುಗುವಾಗ ಅವಳ ನಡಿಗೆಯಲ್ಲಿ ಅವಸರವಿರಲಿಲ್ಲ.

"ಎಲ್ಲರೂ ಕೂತ್ಕೊಳ್ಳಿ," ಎಂದಳು. ಎಲ್ಲರೂ ಮೇಜಿನ ಸುತ್ತ ಸೇರಿದರು; ಓಯಿವಾ ಗಂಜಿ ತಟ್ಟೆ ಹಿಡಿದು ತುದಿಯಲ್ಲಿ ಕೂತ.

"ಸಿಕ್ಕನಾ ಕಳ್ಳ?" ತೌನೊ ಕೇಳಿದ.

"ಸಿಕ್ಕ. ಚಕ್ರ ಹೋಗಿದೆ ಅಂತ ನಾವೆಲ್ಲ ಕೆಳಗೇ ನೋಡ್ತಿದ್ವಿ. ಗಾಜು ಯಾರೂ ನೋಡಲಿಲ್ಲ. ನಾನು ನೋಡಿದೆ, ಆದ್ರೆ ಕಾಣಲಿಲ್ಲ. ಕೆರೆದ್ರೂ ಬರಲಿಲ್ಲ ಆ ಬಿಳುಪು. ಯಾಕೆ? ಅದು ಹೊರಗಿನ ಹಿಮ ಅಲ್ಲ, ಒಳಗಿನದು!"

"ಒಳಗೆ ಹಿಮ ಎಲ್ಲಿಂದ ಬರುತ್ತೆ?"

"ಉಸಿರಿನಿಂದ. ನಿನ್ನೆ ನಿಲ್ಲಿಸುವಾಗ ಬಾಗಿಲು ತೆರೆದು ಕಾರಿನೊಳಗಿನ ತೇವ ಆರಿಸಿ, ಗಾಜು ಒರೆಸಿದ್ದೆ. ಆಮೇಲೆ ಯಾರೋ ಒಳಗೆ ಬಂದು ಕೂತಿದಾರೆ. ಎಂಜಿನ್ ಹಚ್ಚಿಲ್ಲ. ಉಸಿರು ಗಾಜಿನ ಮೇಲೆ ಪದರ ಪದರವಾಗಿ ಹೆಪ್ಪುಗಟ್ಟೋವಷ್ಟು ಹೊತ್ತು ಸುಮ್ಮನೆ ಕೂತಿದಾರೆ. ಕದಿಯೋಕೆ ಬಂದೋನು ಹಾಗೆ ಕೂರ್ತಾನಾ?"

ರೌಹಾ ಎರಡು ಲೋಟಗಳನ್ನು ಸೀಟುಗಳಂತೆ ಪಕ್ಕಪಕ್ಕ ಇಟ್ಟಳು.

"ಕೂತ್ರೂ ಸ್ಟೀರಿಂಗ್ ಹಿಂದೆ ಕೂರ್ತಾನೆ. ಇವನು ಪಕ್ಕದ ಸೀಟಲ್ಲಿ ಕೂತಿದ್ದ. ಖಾಲಿ ಕಾರಲ್ಲೂ ನನ್ನ ಜಾಗ ನನಗೇ ಬಿಟ್ಟು, ತನ್ನ ಜಾಗದಲ್ಲಿ ಕೂತಿದ್ದ. ಆಮೇಲೆ ಎದ್ದು ಚಕ್ರ ಬಿಚ್ಚಿದ. ಕಾರಿನ ಹೊಟ್ಟೆಗೆ ಪೆಟ್ಟಾಗಬಾರದು ಅಂತ ದಿಮ್ಮಿ ಕೊಟ್ಟ. ದ್ವೇಷ ಇದ್ದೋನು ಹಾಗೆ ಮಾಡಲ್ಲ." ಅವಳು ಗಂಡನತ್ತ ತಿರುಗಿದಳು. "ಎಷ್ಟು ಹೊತ್ತು ಕೂತಿದ್ದೆ, ಓಯಿವಾ?"

ಚಮಚ ತಟ್ಟೆಗೆ ಬಿತ್ತು.

"ಕಾಲು ಮರಗಟ್ಟೋವರೆಗೆ," ಎಂದ ಓಯಿವಾ.

"ನನ್ನನ್ನೇ ಕೇಳಬಹುದಿತ್ತು. ಇಳೀಬೇಡ ಅಂತ."

"ಕೇಳಿದ್ರೆ ಏನಂತಿದ್ದೆ?"

"ಆಗಲ್ಲ ಅಂತಿದ್ದೆ."

"ಅದಕ್ಕೇ."

ಅವನು ಮೊದಲ ಬಾರಿಗೆ ತಲೆ ಎತ್ತಿದ. "ಹೋದ ವರ್ಷ ನೀನು ನಕ್ಕಿದ್ದು ಎಲ್ಲರಿಗೂ ನೆನಪಿದೆ. ಅದು ಆಮೇಲೆ. ಅದಕ್ಕೆ ಮುಂಚೆ ನೀನು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡ್ತಿದ್ದೆ. ನಾನು ಹೆಸರು ಕೂಗ್ತಾ ಓಡಿ ಬರ್ತಿದ್ದೆ. ಜಾರಿ ಬೀಳ್ತಿದ್ದೆ, ಏಳ್ತಿದ್ದೆ. ನೀನು ಓಗೊಡ್ಲಿಲ್ಲ. ಆ ಹೊತ್ತು ನಿಂಗೊತ್ತಿಲ್ಲ ರೌಹಾ. ನಂಗೊತ್ತು."

ಸೈಲಾ ಕಿಟಕಿಯತ್ತ ಮುಖ ತಿರುಗಿಸಿದಳು. ತೌನೊ ಗಂಟಲು ಸರಿಮಾಡಿಕೊಂಡ. "ಅವನು ಹೇಳೋದ್ರಲ್ಲೂ ನ್ಯಾಯ ಇದೆ. ಈ ವರ್ಷ ಒಂದು..."

"ನೀನು ಸುಮ್ನಿರು, ಇಲ್ಲಾಂದ್ರೆ ನಿನ್ನ ಹೆಂಡತೀನ ಕರೀತೀನಿ!"

ತೌನೊ ಒಂದಿಡೀ ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡ.

ರೌಹಾ ಗಂಡನ ಎದುರು ಕುರ್ಚಿ ಎಳೆದು ಕೂತಳು. "ಆ ಹೊತ್ತು ನಂಗೆ ಗೊತ್ತಿರಲಿಲ್ಲ, ನಿಜ. ಈಗ ಗೊತ್ತಾಯ್ತು. ಆದ್ರೂ ಇಳೀತೀನಿ. ನಂಗೂ ಹೆದರಿಕೆ ಇದೆ ಕಣೋ. ಆ ತಿರುವು ಹತ್ರ ಬಂದಾಗೆಲ್ಲ ಕಾಲು ತಾನಾಗೇ ಬ್ರೇಕ್ ಹುಡುಕುತ್ತೆ. ನನ್ನ ಹೆದರಿಕೆ ನಾನು ಹೊರ್ತೀನಿ. ನಿನ್ನದನ್ನ ನೀನು ಹೊರು. ಅದನ್ನ ತಂದು ನನ್ನ ಕಾರಿನ ಕೆಳಗೆ ದಿಮ್ಮಿ ಮಾಡಿ ಇಡಬೇಡ!"

ಓಯಿವಾ ತನ್ನ ಒಡೆದ ಅಂಗೈಯಿಂದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಚಕ್ರ ಎಲ್ಲಿಟ್ಟಿದೀಯ?" ಎಂದಳು ರೌಹಾ.

"ಸೌನಾ ಹಬೆಮನೆಯ ಸೌದೆ ರಾಶಿ ಹಿಂದೆ. ರಬ್ಬರು ಬಿರಿಯಬಾರದು ಅಂತ... ಕಂಬಳಿ ಹೊದಿಸಿದೀನಿ."

"ಕಂಬಳಿ ಬೇರೆ!" ಸೈಲಾ ಕಣ್ಣೊರೆಸಿಕೊಳ್ಳುತ್ತಲೇ ಗಹಗಹಿಸಿದಳು.

"ಏಳು," ಎಂದಳು ರೌಹಾ. "ಬಿಚ್ಚಿದ ಕೈಯೇ ಹಾಕಬೇಕು. ತಿರುಪು ಸಡಿಲ ಬಿಟ್ಟೀಯಾ, ಜೋಕೆ!"

"ನಾನು ಯಾವತ್ತಾದ್ರೂ ಬಿಟ್ಟಿದೀನೇನೆ?" ಓಯಿವಾಗೆ ಸಿಟ್ಟು ಬಂದಿತ್ತು. ಆ ಸಿಟ್ಟು ನೋಡಿ ಅವಳಿಗೆ ಸಮಾಧಾನವಾಯಿತು.

ಮಧ್ಯಾಹ್ನ ಪಂದ್ಯ ಶುರುವಿನ ಬಾವುಟ ಕೆಳಗಿಳಿಯಿತು. ಸೈಲಾಳ ನೀಲಿ ಕಾರು ಮುಂದೆ, ಕೆಂಪು ಕಾರು ಅದರ ಬೆನ್ನಿಗೆ. ಮೊಳೆಗಳು ಮಂಜನ್ನು ಕಚ್ಚಿ ಪುಡಿ ಎರಚಿದವು. ದೊಡ್ಡ ತಿರುವು ಬಂತು. ಕಾರು ಅಡ್ಡಡ್ಡ ಜಾರಿತು, ಹಿಂಭಾಗ ಹಿಮದ ದಿಬ್ಬವನ್ನು ಉಜ್ಜಿತು. ರೌಹಾಳ ಕಾಲು ಬ್ರೇಕ್ ಹುಡುಕಿತು. ಸ್ಟೀರಿಂಗ್ ಅವಳ ಕೈಯಲ್ಲಿ ಕುಣಿಯಿತು, ಅವಳು ಬಿಡಲಿಲ್ಲ.

ದಿಬ್ಬದ ಮೇಲೆ ಓಯಿವಾ ನಿಂತಿದ್ದ. ಟೋಪಿ ಕೈಯಲ್ಲಿ, ಬಾಯಿ ಅಗಲ. ಬೈಯುತ್ತಿದ್ದನೋ, ಹುರಿದುಂಬಿಸುತ್ತಿದ್ದನೋ? ಎಂಜಿನ್ನಿನ ಅಬ್ಬರದಲ್ಲಿ ಕೇಳಿಸಲಿಲ್ಲ. ಯಾವುದಾದರೂ ಉತ್ತರ ಒಂದೇ ಎಂದುಕೊಂಡು ರೌಹಾ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದಳು.